ಹಾಲಿನ ಲೆಕ್ಕದಾಗ ಗೊರಸಿನ ಖರ್ಚು ಎಲ್ಲೈತಿ?



ಕಾರಹುಣ್ಣಿವೆ ಬಂತಂದ್ರ ನಾವು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟುತ್ತೇವೆ. ಅದಕ್ಕೂ ಮೊದಲು ನಾಲಬಂದನನ್ನು ಕರೆಸಿ ನಾಲ ಬಡಿಸುವುದು ನಮ್ಮ ಹಿರಿಯರ ರೂಢಿ. ಎತ್ತು ಕುಂಟಿದರೆ ಬಿತ್ತಿಗೆ ನಿಲ್ಲುತ್ತದೆಂಬುದು ಅವರಿಗೆ ಗೊತ್ತಿತ್ತು. ಆದರೆ ಅದೇ ಕೊಟ್ಟಿಗೆಯಲ್ಲಿ ನಿಂತ ಎಚ್.ಎಫ್. ಆಕಳ ಗೊರಸನ್ನು ನೀವು ಎತ್ತಿ ನೋಡಿದ್ದು ಯಾವಾಗ? ಎದೆ ಮುಟ್ಟಿಕೊಂಡು ಹೇಳಿರಿ. ನಾನಂತೂ ನೋಡಿರಲಿಲ್ಲ.

ಸಾಲ ಮಾಡಿ ತಂದ ನನ್ನ ಆಕಳು ಈದ ಎರಡು ತಿಂಗಳಿಗೆ ಬೆನ್ನು ಬಾಗಿಸಿ ನಡೆಯತೊಡಗಿತು. "ಕಲ್ಲು ಚುಚ್ಚಿರಬೇಕು, ತಾನೇ ಹೋಗ್ತೈತಿ ಬಿಡು" ಅಂದೆ. ಹದಿನೈದು ದಿನದಲ್ಲಿ ಹತ್ತು ಲೀಟರ್ ಹಾಲು ಏಳಕ್ಕೆ ಇಳಿಯಿತು. ಲೀಟರಿಗೆ 35 ರೂಪಾಯಿ ಅಂತ ಹಿಡಿಯಿರಿ. ದಿನಕ್ಕೆ 105, ತಿಂಗಳಿಗೆ 3,150 ರೂಪಾಯಿ ಕೈಬಿಟ್ಟಂತಾಯಿತು. ಔಷಧದ ಖರ್ಚು ಬೇರೆ. ಕುಂಟುವ ಆಕಳು ಬೆದೆಗೂ ತಡವಾಗಿ ಬರುತ್ತದೆ, ಮುಂದಿನ ಕರುವೂ ತಡ. ಮಾರೋಣವೆಂದರೆ ಅಮೀನಗಡದ ಸಂತೆಯಲ್ಲಿ ಗಿರಾಕಿ ಮೊದಲು ನೋಡುವುದೇ ಕಾಲನ್ನು. ಬ್ಯಾಂಕಿನ ಕಂತು ಮಾತ್ರ ಕುಂಟಲಿಲ್ಲ. ತಾರೀಖಿಗೆ ಸರಿಯಾಗಿ ಬಂತು!

ಈ ಕುಂಟು ಹಣೆಬರಹವಲ್ಲ. ನಮ್ಮ ಕುಳಗೇರಿ ಕ್ರಾಸ್ ಸುತ್ತಿನದು ಎರೆ ಭೂಮಿ. ಮಳೆಗಾಲದಲ್ಲಿ ಕೆಸರು, ಗಂಜಳದಲ್ಲಿ ನಿಂತ ಗೊರಸು ಮೆತ್ತಗಾಗಿ ಬಿರಿಯುತ್ತದೆ, ಸಂದಿನಲ್ಲಿ ಹುಣ್ಣಾಗಿ ಕೊಳೆಯುತ್ತದೆ. ಫರಸಿಯ ಮೇಲೆ ವರ್ಷಗಟ್ಟಲೆ ಕಟ್ಟಿದ ಆಕಳಿಗೆ ಅಡ್ಡಾಟವಿಲ್ಲ. ಗೊರಸು ಸವೆಯದೆ ಉದ್ದ ಬೆಳೆದು ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಹಾಲಿನ ಆಸೆಗೆ ಈದ ಕೂಡಲೇ ಗೋವಿನಜೋಳದ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಅದರ ಪೆಟ್ಟು ಕೆಲವು ವಾರಗಳ ಮೇಲೆ ಗೊರಸಿನೊಳಗೆ ಕಾಣುತ್ತದೆ. ನನ್ನ ತಪ್ಪು ಇದೇ ಆಗಿತ್ತು. ಜೊಲ್ಲು, ಜ್ವರ, ಬಾಯಲ್ಲೂ ಹುಣ್ಣು ಇದ್ದರೆ ಅದು ಕಾಲುಬಾಯಿ ಬೇನೆ ಇರಬಹುದು. 2013ರಲ್ಲಿ ಅದು ನಮ್ಮ ರಾಜ್ಯದಲ್ಲಿ ಸಾವಿರಾರು ದನಗಳನ್ನು ಕೊಂದಿತು. ಆರು ತಿಂಗಳಿಗೊಮ್ಮೆ ಹಾಕುವ ಪುಕ್ಕಟೆ ಲಸಿಕೆಯನ್ನು ತಪ್ಪಿಸಬೇಡಿರಿ.

ಮಾಡಬೇಕಾದ್ದು ದೊಡ್ಡದೇನಲ್ಲ. ಕೊಟ್ಟಿಗೆ ಒಣಗಿರಲಿ. ನುಚ್ಚು ಹಿಂಡಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಿರಿ, ಹೊಟ್ಟೆ ತುಂಬ ಕಣಿಕೆ ಹಾಕಿರಿ. ವರ್ಷಕ್ಕೆರಡು ಸಲ ಬಲ್ಲವರಿಂದ ಗೊರಸು ಕತ್ತರಿಸಿರಿ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಮೈಲುತುತ್ತ ಕರಗಿಸಿ, ಸಗಣಿ ತೊಳೆದ ಕಾಲನ್ನು ಅದರಲ್ಲಿ ಅದ್ದಿಸಿರಿ. ಆ ನೀರು ವಿಷ. ದನ, ಕುರಿ ಕುಡಿಯದಂತೆ, ಬಾವಿ ಹಳ್ಳಕ್ಕೆ ಸೇರದಂತೆ ನೋಡಿಕೊಳ್ಳಿರಿ. ಕುಂಟು ಕಂಡ ದಿನವೇ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಯಿರಿ.

ಇಷ್ಟು ನಮ್ಮ ಪಾಲಿನದು. ಉಳಿದದ್ದು ಬೆಲೆ ಕಟ್ಟುವವರ ಪಾಲಿನದು. 1980ರ ಜುಲೈ 21ರಂದು ನಮ್ಮ ನೆರೆಯ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆದಾಗ ನಾನು ಸಾಲಿ ಹುಡುಗ. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲದ ಮೇಲೂ ಅಭಿವೃದ್ಧಿ ಕರ ಹೇರಿದ್ದೇಕೆ ಎಂದು ಅಂದು ರೈತ ಕೇಳಿದ. ಲಾಭವನ್ನು ಬರೆದುಕೊಂಡು ನಷ್ಟವನ್ನು ಬಿಡುವ ಲೆಕ್ಕ ಅದು. ಹಾಲಿನಲ್ಲೂ ಅದೇ ನಡೆದಿದೆ. ಡೇರಿಯಲ್ಲಿ ಫ್ಯಾಟ್ ನೋಡುತ್ತಾರೆ, ಬ್ಯಾಂಕಿನಲ್ಲಿ ಆಕಳು ಕೊಡುವ ಲೀಟರ್ ನೋಡಿ ಸಾಲ ಬರೆಯುತ್ತಾರೆ. ಆ ಲೀಟರನ್ನು ಹೊತ್ತು ನಿಂತ ನಾಲ್ಕು ಕಾಲನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಹಾಲಿನ ದರ ಕಟ್ಟುವಾಗ ಗೊರಸಿನ ಆರೈಕೆ, ಕುಂಟಿನ ನಷ್ಟ ಲೆಕ್ಕಕ್ಕೆ ಬರಲಿ. ಪ್ರತಿ ಹಾಲಿನ ಸೊಸೈಟಿಯ ಮುಂದೆ ಆಕಳನ್ನು ನಿಲ್ಲಿಸಿ ಕಾಲು ಎತ್ತಿ ಕಟ್ಟುವ ಒಂದು ಚೌಕಟ್ಟು ಇರಲಿ. ಗಬ್ಬದ ಆಕಳನ್ನು ಎತ್ತಿನಂತೆ ಕೆಡವಲಾಗದು. ಟ್ರ್ಯಾಕ್ಟರ್ ಬಂದು ಕೆಲಸ ಕಳೆದುಕೊಂಡ ನಾಲಬಂದರಿಗೆ ಆಕಳ ಗೊರಸು ಕತ್ತರಿಸುವ ತರಬೇತಿ, ಕೂಲಿ ಎರಡನ್ನೂ ಕೊಡಲಿ. ಕೈಯಲ್ಲಿ ಕಸಬು ಉಳ್ಳವರು ಊರಲ್ಲೇ ಇದ್ದಾರೆ.

ಮುಂದಿನ ಸೊಸೈಟಿ ಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿರಿ. ಅದಕ್ಕೂ ಮೊದಲು, ಇಂದು ಸಂಜೆ ಹಾಲು ಹಿಂಡುವ ಮುಂಚೆ, ಒಮ್ಮೆ ಬಗ್ಗಿ ಆಕಳ ಕಾಲು ನೋಡಿರಿ.