ಪಿಯುಸಿ ಆದ್ಮೇಲೆ ಲಾ: ಐದು ವರ್ಷದ ಲೆಕ್ಕ ಸಾಲಲ್ಲ, ಎಂಟು ವರ್ಷದ ಲೆಕ್ಕ ಹಾಕಿ

ಬ್ಯಾಡಗಿ: ಇಂಜಿನಿಯರಿಂಗ್ ಸೀಟಿನ ಗದ್ದಲ ಮುಗೀತಾ ಬಂತು. ಈಗ ಕಾನೂನು ಕಾಲೇಜುಗಳ ಸರದಿ. ಆರ್ಟ್ಸ್, ಕಾಮರ್ಸ್‌ನಲ್ಲಿ ಪಿಯುಸಿ ಪಾಸಾದ ಮಕ್ಕಳಿರೋ ಮನೆಗಳಲ್ಲಿ ಲಾ ಓದಿಸೋ ಮಾತು ಜೋರಾಗಿ ನಡೆದಿದೆ. ಅಂಗಡಿ ಕಟ್ಟೆ ಮೇಲೆ ಕೂತವರ ಲೆಕ್ಕ ಬಹಳ ಸರಳ: ಐದು ವರ್ಷ ಓದಿದ್ರೆ ಕರಿಕೋಟು, ಮೇಲೊಂದು ಪರೀಕ್ಷೆ ಪಾಸಾದ್ರೆ ಜಡ್ಜ್ ಕುರ್ಚಿ. ಹದಿನೆಂಟಕ್ಕೆ ಸೇರಿದ ಹುಡುಗಿ ಇಪ್ಪತ್ಮೂರಕ್ಕೆ ಸಂಬಳ ತರ್ತಾಳೆ ಅನ್ನೋದು ಅದರ ತಾತ್ಪರ್ಯ.

ಈ ಲೆಕ್ಕ 2025ರ ಮೇ 20ರಂದು ಬದಲಾಯ್ತು. ಅವತ್ತು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ಸಿಜೆಐ ಬಿ.ಆರ್. ಗವಾಯಿ ಅವರ ನೇತೃತ್ವದಲ್ಲಿ, ಸಿವಿಲ್ ಜಡ್ಜ್ ಹುದ್ದೆಗೆ ಅರ್ಜಿ ಹಾಕೋರು ಕನಿಷ್ಠ 3 ವರ್ಷ ವಕೀಲಿಕೆ ಮಾಡಿರಲೇಬೇಕು ಅಂತ ತೀರ್ಪು ಕೊಟ್ಟಿತು. ಇದು ಹಳೇ ನಿಯಮವೇ. 2002ರಲ್ಲಿ ಅದನ್ನ ತೆಗೆದು ಹಾಕಿದ್ರು, ಈಗ ವಾಪಸ್ ತಂದಿದ್ದಾರೆ. ಕೋರ್ಟ್ ಮೆಟ್ಟಿಲು ಹತ್ತದೇ ನೇರವಾಗಿ ಜಡ್ಜ್ ಆದವರಿಂದ ತೊಂದರೆ ಆಗ್ತಿದೆ ಅನ್ನೋ ಅಭಿಪ್ರಾಯ ಹಲವು ಹೈಕೋರ್ಟ್‌ಗಳಿಂದ ಬಂದಿತ್ತು.

ತೀರ್ಪು ಸರಿಯೋ ತಪ್ಪೋ ಅನ್ನೋದು ದೊಡ್ಡವರ ಚರ್ಚೆ. ನಮ್ಮ ತಾಲ್ಲೂಕಿನ ಮನೆಗಳಿಗೆ ಅದರ ಅರ್ಥ ಏನು ಅನ್ನೋದಷ್ಟೇ ಇಲ್ಲಿನ ಪ್ರಶ್ನೆ. ಓದು 5, ವಕೀಲಿಕೆ 3, ಒಟ್ಟು 8. ನೋಟಿಫಿಕೇಶನ್, ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ನೇಮಕ ಅಂತ ಮೇಲೆ ಇನ್ನೊಂದಿಷ್ಟು ಕಾಲ. ಇಪ್ಪತ್ಮೂರು ಅಂದ್ಕೊಂಡಿದ್ದು ಇಪ್ಪತ್ತೇಳು, ಇಪ್ಪತ್ತೆಂಟರ ಹತ್ರ ಹೋಯ್ತು. ನಡುವಿನ ಆ 3 ವರ್ಷ ಮನೆಯವರೇ ಸಾಕಬೇಕು. ಹುಡುಗ ಆದ್ರೆ ಮನೆಯವರು ಹೆಂಗೋ ತಡ್ಕೋತಾರೆ. ಹೆಣ್ಣುಮಕ್ಕಳ ವಿಷಯಕ್ಕೆ ಬಂದ್ರೆ ಇಪ್ಪತ್ನಾಲ್ಕಕ್ಕೆ ಮದುವೆ ಮಾತು ಶುರುವಾಗುತ್ತೆ, ಕರಿಕೋಟು ಮೊಳೆಗೆ ನೇತು ಬೀಳುತ್ತೆ. ಈ ತೀರ್ಪಿನ ಭಾರ ಯಾರ ಮೇಲೆ ಹೆಚ್ಚು ಬೀಳುತ್ತೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ತೀರ್ಪಿನಲ್ಲಿ ತಾಲ್ಲೂಕಿನವರಿಗೆ ಅನುಕೂಲದ ಎರಡು ಅಂಶಗಳೂ ಇವೆ. ಬೆಂಗಳೂರಲ್ಲೋ ಧಾರವಾಡ ಪೀಠದಲ್ಲೋ ವಕೀಲಿಕೆ ಮಾಡಿರಬೇಕು ಅಂತೇನಿಲ್ಲ, ಬ್ಯಾಡಗಿ ಕೋರ್ಟ್‌ನಲ್ಲಿ ನಿಂತ 3 ವರ್ಷವೂ ಲೆಕ್ಕಕ್ಕೆ ಬರುತ್ತೆ. ಜೊತೆಗೆ ಅವಧಿ ಎಣಿಸೋದು ತಾತ್ಕಾಲಿಕ ನೋಂದಣಿ ಆದ ದಿನದಿಂದ. ಆದ್ರೆ ಅರ್ಜಿ ಹಾಕುವಾಗ ಪ್ರಮಾಣಪತ್ರ ಬೇಕು. ಅದನ್ನ ಆ ಕೋರ್ಟ್‌ನ ಪ್ರಧಾನ ನ್ಯಾಯಾಧಿಕಾರಿ ಕೊಡಬೇಕು. ಇಲ್ಲಾಂದ್ರೆ 10 ವರ್ಷ ಅನುಭವ ಇರೋ ವಕೀಲರು ಕೊಟ್ಟಿದ್ದಕ್ಕೆ ಅದೇ ಅಧಿಕಾರಿಯ ದೃಢೀಕರಣ ಇರಬೇಕು. ಹೆಸರಿಗೆ ಸನ್ನದು ಮಾಡಿಸಿಕೊಂಡು ಮನೇಲಿ ಕೋಚಿಂಗ್ ಪುಸ್ತಕ ಓದ್ತಾ ಕೂತವರಿಗೆ ಇದು ಸಿಗೋದು ಕಷ್ಟ.

ಈಗ ಪಿಯುಸಿ ಆದವರ ಮುಂದಿರೋ ಮುಖ್ಯ ಪ್ರಶ್ನೆಗೆ ಬರೋಣ. ಲಾ ಓದೋಕೆ ಎರಡು ದಾರಿ. ಒಂದು, ಪಿಯುಸಿ ಮೇಲೆ ನೇರ 5 ವರ್ಷದ ಕೋರ್ಸ್: ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಮುಂತಾದವು. ಇನ್ನೊಂದು, ಯಾವುದಾದ್ರೂ ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ಭಾರತೀಯ ವಕೀಲರ ಪರಿಷತ್ತು, ಅಂದ್ರೆ ಬಿಸಿಐ, ನಿಗದಿ ಮಾಡಿದ ಕನಿಷ್ಠ ಅಂಕ ಒಂದೇ: ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಎಸ್‌ಸಿ, ಎಸ್‌ಟಿಗೆ ಶೇ 40. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ರೂ ಅಡ್ಡಿ ಇಲ್ಲ.

ಎಲ್ಲರೂ 5 ವರ್ಷದ್ದೇ ಒಳ್ಳೇದು ಅಂತಾರೆ, ಒಂದು ವರ್ಷ ಉಳಿಯುತ್ತಲ್ಲ ಅಂತ. ಲೆಕ್ಕ ನಿಜ. ಕರ್ನಾಟಕದಲ್ಲಿ ಡಿಗ್ರಿ ಈಗ ಮತ್ತೆ 3 ವರ್ಷ ಆಗಿದೆ, ಹಾಗಾಗಿ 3 ಪ್ಲಸ್ 3, ಆರು. ಆದ್ರೆ ಹೆಚ್ಚಿನವರು ಕೇಳದೇ ಬಿಡೋ ನಿಯಮ ಒಂದಿದೆ. ಬಿಸಿಐನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ 5 ವರ್ಷದ ಕೋರ್ಸಿಗೆ ನಡುವೆ ಹತ್ತೋದೂ ಇಲ್ಲ, ನಡುವೆ ಇಳಿಯೋದೂ ಇಲ್ಲ. ಮೂರು ವರ್ಷ ಪೂರ್ತಿ ಪಾಸಾಗಿ, ಮನೆ ಪರಿಸ್ಥಿತಿ ಕೆಟ್ಟು ಬಿಟ್ಟು ಬಂದ್ರೆ "ಬಿಎ ಸರ್ಟಿಫಿಕೇಟ್ ಆದ್ರೂ ಕೊಡ್ರಿ" ಅಂತ ಕೇಳೋ ಹಾಗಿಲ್ಲ. ಕೈಯಲ್ಲಿ ಉಳಿಯೋದು ಪಿಯುಸಿ ಮಾರ್ಕ್ಸ್ ಕಾರ್ಡ್ ಮಾತ್ರ.

ಸಂಬಳದ ಮನೆಗಳಿಗೆ ಇದು ದೊಡ್ಡ ವಿಷಯ ಅಲ್ಲ. ಮೆಣಸಿನಕಾಯಿ ದರ ನಂಬಿ ಫೀ ಕಟ್ಟೋ ಮನೆಗಳಿಗೆ ಬಹಳ ದೊಡ್ಡ ವಿಷಯ. 2024ರ ಮಾರ್ಚ್ 11, ಸೋಮವಾರ ಇಲ್ಲಿನ ಎಪಿಎಂಸಿಯಲ್ಲಿ ಏನಾಯ್ತು ಅಂತ ಯಾರಿಗೂ ಹೇಳಬೇಕಿಲ್ಲ. ದರ ಬಿತ್ತು ಅಂತ ಕಚೇರಿಗೆ ಕಲ್ಲು ಬಿದ್ದವು, ವಾಹನ ಸುಟ್ಟವು. ಅವತ್ತು ಬೆಂಕಿ ಹಚ್ಚದೇ ಸುಮ್ಮನೆ ಮನೆಗೆ ಹೋದ ರೈತರ ಮನೆಯಲ್ಲೂ ಕಾಲೇಜಿಗೆ ಹೋಗೋ ಮಕ್ಕಳಿದ್ರು. ರೈತನ ದುಡ್ಡು ನಿಂತ್ರೆ ಮೇನ್ ರೋಡಿನ ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿ ಉದ್ರಿ ಪುಸ್ತಕವೂ ದಪ್ಪ ಆಗುತ್ತೆ. ಐದು ವರ್ಷದಲ್ಲಿ ಒಂದಾದ್ರೂ ಇಂಥ ವರ್ಷ ಬರಲ್ಲ ಅಂತ ಬರೆದುಕೊಡೋರು ಯಾರೂ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಬೇರೆ. ಐದೂ ವರ್ಷದ ಫೀ, ಊಟ, ರೂಮಿನ ಖರ್ಚಿಗೆ ಖಾತ್ರಿ ಇರೋರು 5 ವರ್ಷದ ಕೋರ್ಸ್ ಸೇರಲಿ. ಖಾತ್ರಿ ಇಲ್ಲದವರು ಇಲ್ಲೇ ಡಿಗ್ರಿ ಮಾಡಿ ಆಮೇಲೆ 3 ವರ್ಷದ ಲಾ ಹಿಡಿಯೋದು ಭದ್ರ. ಒಂದು ವರ್ಷ ಹೆಚ್ಚು ಹೋಗುತ್ತೆ, ಆದ್ರೆ ನಡುವೆ ನಿಂತ್ರೂ ಕೈಯಲ್ಲಿ ಡಿಗ್ರಿ ಇರುತ್ತೆ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗಳಿಗೆ ಅರ್ಜಿ ಹಾಕಬಹುದು. ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ 3 ವರ್ಷದ ಬಾಗಿಲು ಮುಚ್ಚಿದೆ. ಐದು ವರ್ಷದ್ದು ಪಿಯುಸಿ ಮೇಲೆ ಇನ್ನೂ ತೆಗೆದೇ ಇದೆ, ಈ ಸುದ್ದಿ ಬರೀತಾ ಬರೀತಾ ಆ ಕಡೆ ಒಂದು ಕಣ್ಣು ಹೋಗಿದ್ದು ಸುಳ್ಳಲ್ಲ.

ಕಾಲೇಜಿನ ವಿಷಯ. ನಮ್ಮ ಭಾಗದ ಕಾನೂನು ಕಾಲೇಜುಗಳು ಹುಬ್ಬಳ್ಳಿ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. 2009ರಲ್ಲಿ ಶುರುವಾದ ವಿವಿ ಇದು. ರಾಣೆಬೆನ್ನೂರಿನಲ್ಲೇ ಕಾಲೇಜಿದೆ, ಹುಬ್ಬಳ್ಳಿಗೆ ರೈಲಿದೆ. ಸಂಯೋಜಿತ ಕಾಲೇಜುಗಳಿಗೆ ಪ್ರವೇಶ ಪರೀಕ್ಷೆ ಇಲ್ಲ, ಪಿಯುಸಿ ಅಂಕದ ಮೇಲೆ ಸೀಟು. ಪಾಠ ಇಂಗ್ಲಿಷ್‌ನಲ್ಲಿ ನಡೆದ್ರೂ ಉತ್ತರ ಕನ್ನಡದಲ್ಲಿ ಬರೆಯೋಕೆ ಅವಕಾಶ ಇದೆ. ಹಾಜರಾತಿ ಮಾತ್ರ ಶೇ 70 ಬೇಕು. ಅಂಗಡಿ ನೋಡ್ಕೋತಾ ಪರೀಕ್ಷೆ ಹೊತ್ತಿಗೆ ಹೋದ್ರಾಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ದೂರಶಿಕ್ಷಣದ ಎಲ್‌ಎಲ್‌ಬಿಯಂತೂ ಲೆಕ್ಕಕ್ಕೇ ಇಲ್ಲ, ಅದರ ಮೇಲೆ ಸನ್ನದು ಸಿಗಲ್ಲ.

ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಥರದ ದೊಡ್ಡ ಸಂಸ್ಥೆಗಳಿಗೆ ಕ್ಲ್ಯಾಟ್ ಬರೀಬೇಕು. 2025ರಲ್ಲಿ ಡಿಸೆಂಬರ್ 7ಕ್ಕೆ ಪರೀಕ್ಷೆ ಇತ್ತು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. 120 ಪ್ರಶ್ನೆ, 2 ಗಂಟೆ, ಪೂರ್ತಿ ಇಂಗ್ಲಿಷ್. ಕನ್ನಡ ಮಾಧ್ಯಮದವರಿಗೆ ಕಷ್ಟ, ಸುಳ್ಳು ಹೇಳೋದು ಯಾಕೆ. ಆದ್ರೂ ಒಂದು ವಿಷಯ ಗೊತ್ತಿರಲಿ: ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲ್ 2021ರಿಂದ ಶೇ 25ರಷ್ಟು ಸೀಟು ಮೀಸಲಿಟ್ಟಿದೆ. ಒಂದನೇ ಕ್ಲಾಸಿಂದ ಇಲ್ಲೇ ಓದಿದ ನಮ್ಮ ಮಕ್ಕಳೆಲ್ಲ ಆ ಲೆಕ್ಕದಲ್ಲಿ ಬರ್ತಾರೆ. ಫೀ ಲಕ್ಷಗಳಲ್ಲಿದೆ, ಸ್ಕಾಲರ್‌ಶಿಪ್ ವಿಚಾರಿಸದೇ ಮುಂದೆ ಹೋಗಬೇಡಿ.

ಡಿಗ್ರಿ ಕೈಗೆ ಬಂದ ಮೇಲಿನ ಕಥೆಯೇ ಮುಖ್ಯವಾದದ್ದು. ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 1961ರ ವಕೀಲರ ಕಾಯ್ದೆಯಲ್ಲಿ ಇರೋ ಶುಲ್ಕ ಬರೀ 750 ರೂಪಾಯಿ, ಎಸ್‌ಸಿ, ಎಸ್‌ಟಿಗೆ 125. ಆದ್ರೆ ಬೇರೆ ಬೇರೆ ರಾಜ್ಯಗಳ ಪರಿಷತ್ತುಗಳು ಆ ಫೀ, ಈ ಫೀ ಅಂತ 15 ಸಾವಿರದಿಂದ 42 ಸಾವಿರದವರೆಗೆ ತಗೋತಿದ್ವು. 2024ರ ಜುಲೈ 30ಕ್ಕೆ ಸುಪ್ರೀಂ ಕೋರ್ಟ್ ಇದಕ್ಕೆ ಬ್ರೇಕ್ ಹಾಕಿ, ಕಾಯ್ದೆಯಲ್ಲಿ ಇದ್ದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಬಾರದು ಅಂದಿತು. ಆಮೇಲೂ ನಮ್ಮ ರಾಜ್ಯದ ಪರಿಷತ್ತು ಐಡಿ ಕಾರ್ಡ್, ಕಲ್ಯಾಣ ನಿಧಿ, ತರಬೇತಿ ಅಂತ 6,800 ರೂಪಾಯಿ 'ಐಚ್ಛಿಕ' ಶುಲ್ಕ ಇಟ್ಟಿತ್ತು. 2025ರ ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟ್ ಐಚ್ಛಿಕ ಅನ್ನೋದೇನೂ ಇಲ್ಲ, ವಸೂಲಿ ನಿಲ್ಲಿಸಿ ಅಂತ ಹೇಳಿತು. ಮುಂದೆ ನೋಂದಣಿಗೆ ಹೋಗೋರು ಈ ತಾರೀಖು ನೆನಪಿಟ್ಟುಕೊಳ್ಳಿ, ಕೌಂಟರ್‌ನಲ್ಲಿ ಕೆಲಸಕ್ಕೆ ಬರುತ್ತೆ.

ನೋಂದಣಿ ನಂತರ ಅಖಿಲ ಭಾರತ ಬಾರ್ ಪರೀಕ್ಷೆ, ಎಐಬಿಇ. 100 ಪ್ರಶ್ನೆ, ಕನ್ನಡದಲ್ಲೂ ಬರೀಬಹುದು. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಜೊತೆಗೆ ಒಯ್ಯಬಹುದು. ಇದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ್ದು ಜೂನಿಯರ್ ದಿನಗಳಿಗೆ. ತಾಲ್ಲೂಕು ಕೋರ್ಟ್‌ನಲ್ಲಿ ಹೊಸ ವಕೀಲರ ದಿನ ಹೇಗಿರುತ್ತೆ ಅಂತ ಒಂದು ಸಲ ಕೋರ್ಟ್ ಆವರಣಕ್ಕೆ ಹೋಗಿ ನೋಡಿ. ಸೀನಿಯರ್ ಫೈಲು ಹೊತ್ತುಕೊಂಡು ಬೆಳಿಗ್ಗೆ ಬರೋದು, ಕೇಸು ಕರೆದಾಗ ಎದ್ದು ವಾಯಿದೆ ಕೇಳೋದು, ನಕಲು ಅರ್ಜಿ ಹಾಕೋದು, ಉತಾರ ತರೋದು, ತಹಶೀಲ್ದಾರ್ ಕಚೇರಿಗೆ ಓಡೋದು. ಸಂಬಳ ಅಂತ ಇರಲ್ಲ. ಸೀನಿಯರ್ ಮನಸ್ಸು ಬಂದಷ್ಟು ಕೊಟ್ರೆ ಅದೇ ಪೆಟ್ರೋಲಿಗೆ. ಬಿಸಿಐ 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕು ಅಂತ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ಸಣ್ಣ ಊರಿನ ಸೀನಿಯರ್‌ಗಳಲ್ಲೇ ಎಷ್ಟೋ ಜನರ ಕೈಯಲ್ಲಿ ತಿಂಗಳಿಗೆ ಅಷ್ಟು ಉಳಿಯೋದು ಅನುಮಾನ. ಹಾಗಾಗಿ ಅವರನ್ನಷ್ಟೇ ಬೈದು ಪ್ರಯೋಜನ ಇಲ್ಲ. ಕೋರ್ಟ್ 3 ವರ್ಷ ಕಡ್ಡಾಯ ಅಂದ ಮೇಲೆ ಆ 3 ವರ್ಷದ ಅನ್ನಕ್ಕೆ ಯಾರು ಹೊಣೆ ಅನ್ನೋದನ್ನ ಸರ್ಕಾರ ಯೋಚನೆ ಮಾಡಬೇಕಿತ್ತು. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಿಂದ ಹೊಸ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಯೋಜನೆ ಇದೆ. ಓದು ಮುಗಿಯೋ ವರ್ಷವೇ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಇಷ್ಟೆಲ್ಲ ಓದಿ ಲಾ ಬೇಡವೇ ಬೇಡ ಅಂತ ತೀರ್ಮಾನಿಸಬೇಡಿ. ತಾಲ್ಲೂಕಿನಲ್ಲಿ ಕೆಲಸಕ್ಕೆ ಕೊರತೆ ಇಲ್ಲ. ವಾಟ್ನಿ ದಾವೆ, ಬದುವಿನ ಜಗಳದ ತಡೆಯಾಜ್ಞೆ, ಅಪಘಾತ ಪರಿಹಾರ, ಜೀವನಾಂಶ, ಚೆಕ್ ಬೌನ್ಸ್. ದಲಾಲಿ ಅಂಗಡಿಯವರಿಗೆ ಕೊನೇದು ಚೆನ್ನಾಗಿ ಗೊತ್ತು. ಚೆಕ್ ವಾಪಸ್ ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಹೋಗಬೇಕು, ತಡವಾದ್ರೆ ಕೇಸೇ ನಿಲ್ಲಲ್ಲ. ಇಂಥದ್ದನ್ನ ದಿನ ಎಣಿಸಿ ಸರಿಯಾಗಿ ಮಾಡಿಕೊಡೋ ಜೂನಿಯರ್‌ಗೆ ವರ್ತಕರೇ ಕಕ್ಷಿದಾರರಾಗ್ತಾರೆ. ಇನ್ನೊಂದು, 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೂವತ್ತು ವರ್ಷ ಸೆಕ್ಷನ್ ಬಾಯಿಪಾಠ ಇದ್ದ ಸೀನಿಯರ್‌ಗಳೂ ಈಗ ಪುಸ್ತಕ ತೆಗೆದು ನೋಡ್ತಾರೆ. ಹೊಸದನ್ನೇ ಓದಿ ಬಂದವರಿಗೆ ಇದು ಅನುಕೂಲ.

ಭಾಷೆ ವಿಷಯದಲ್ಲೂ ಅಂಜಬೇಕಿಲ್ಲ. ತಾಲ್ಲೂಕು ಕೋರ್ಟ್‌ನಲ್ಲಿ ಸಾಕ್ಷಿ ಮಾತಾಡೋದು ಕನ್ನಡ, ಎಷ್ಟೋ ದಾವೆ ಬರೆಯೋದೂ ಕನ್ನಡ. ರಾಜ್ಯದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷ್‌ಗೆ ಅನುವಾದದ ಪತ್ರಿಕೆಯೇ ಇದೆ. ಹೈಕೋರ್ಟ್‌ಗೆ ಹೋಗಬೇಕಂದ್ರೆ ಇಂಗ್ಲಿಷ್ ಬೇಕೇ ಬೇಕು. ಹಾಗಾಗಿ ಐದು ವರ್ಷದಲ್ಲಿ ಎರಡೂ ಗಟ್ಟಿ ಮಾಡಿಕೊಂಡವರು ಮುಂದೆ ಹೋಗ್ತಾರೆ.

ಕೊನೆಗೆ ಅಂಗಡಿಕಾರರಿಗೆ ಮಾತ್ರ ಸಂಬಂಧಪಟ್ಟ ಒಂದು ವಿಷಯ. ಮಗ ವಕೀಲಿಕೆನೂ ಮಾಡ್ಲಿ, ಸಂಜೆ ಗಲ್ಲಾಪೆಟ್ಟಿಗೆ ಮೇಲೂ ಕೂರಲಿ ಅನ್ನೋ ಯೋಚನೆ ಇದ್ರೆ ಅದು ನಡೆಯಲ್ಲ. ಬಿಸಿಐ ನಿಯಮದ ಪ್ರಕಾರ ವಕೀಲರು ಸ್ವತಃ ವ್ಯಾಪಾರ ನಡೆಸೋ ಹಾಗಿಲ್ಲ, ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡೋ ಹಾಗಿಲ್ಲ. (ಪೂರ್ಣಾವಧಿ ಪತ್ರಕರ್ತ ಆಗಿದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ ಅಂತಲೂ ಬಿಸಿಐ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಹೇಳಿದೆ.) ಸ್ಲೀಪಿಂಗ್ ಪಾರ್ಟ್‌ನರ್ ಆಗಬಹುದು. ಅಪ್ಪ, ಅಜ್ಜನಿಂದ ಬಂದ ಅಂಗಡಿಯಲ್ಲಿ ಪಾಲು ಉಳಿಸಿಕೊಳ್ಳಬಹುದು, ಆದ್ರೆ ಆಡಳಿತ ನೋಡಿಕೊಳ್ಳುವಂತಿಲ್ಲ. ಎಪಿಎಂಸಿ ಲೈಸೆನ್ಸೋ ಜಿಎಸ್‌ಟಿ ನಂಬರೋ ಈಗಾಗಲೇ ಮಗನ ಅಥವಾ ಮಗಳ ಹೆಸರಲ್ಲಿ ಮಾಡಿಸಿದ್ರೆ, ಸನ್ನದಿಗೆ ಅರ್ಜಿ ಹಾಕೋ ಮೊದಲು ಅದನ್ನ ಬೇರೆಯವರ ಹೆಸರಿಗೆ ಬದಲಾಯಿಸಿಕೊಳ್ಳಿ.