ತಳದ ಅಚ್ಚು ಹೇಳದ ಚರಿತ್ರೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನವನ್ನು ಮುಂದಿಟ್ಟುಕೊಂಡು, ಕನ್ನಡಕ್ಕೆ ಇಂಗ್ಲಿಷ್ ಕಾವ್ಯ ಬಂದ ಬಗೆಯನ್ನು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಇಂಗ್ಲೆಂಡು ಈ ನಾಡಿಗೆ ಪುಸ್ತಕವಾಗಿ ಮಾತ್ರವಲ್ಲ, ಪಿಂಗಾಣಿಯಾಗಿಯೂ ಬಂದಿತು. ಆ ಚರಿತ್ರೆಯನ್ನು ಬರೆದವರು ವಿರಳ. ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕೊಬ್ಬರಿ ಸೀಮೆಯಲ್ಲಿ ಹಳೆಯ ತೊಟ್ಟಿಮನೆಯೊಂದನ್ನು ಕೆಡವುವಾಗ ಇಂಗ್ಲಿಷ್ ಟೀಪಾಟೊಂದು ದೊರೆತರೆ, ಅದು ಗುಜರಿಗೆ ಹೋಗುತ್ತದೆ. ಇಲ್ಲವೇ ದೂರದ ಸಂಗ್ರಾಹಕರ ಗಾಜಿನ ಬೀರುವನ್ನು ಸೇರುತ್ತದೆ.

ಸಂಗ್ರಾಹಕರು ಮೊದಲು ನೋಡುವುದು ಪಾತ್ರೆಯ ತಳವನ್ನು. ಅಲ್ಲಿ ವಜ್ರಾಕೃತಿಯ ನೋಂದಣಿ ಮುದ್ರೆಯಿದ್ದರೆ ಅದರ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದುದು. ‘ಇಂಗ್ಲೆಂಡ್’ ಎಂಬ ಅಚ್ಚಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ಸುಂಕದ ಕಾನೂನು ಆಗ ಜಾರಿಗೆ ಬಂದಿತು. ಈ ಜ್ಞಾನ ಅಲ್ಪವೇನಲ್ಲ. ಆದರೆ ಅದು ಕಾರ್ಖಾನೆಯ ಚರಿತ್ರೆಯೇ ಹೊರತು ಮನೆಯ ಚರಿತ್ರೆಯಲ್ಲ.

ಆ ಪಾತ್ರೆಯನ್ನು ತಂದವರಾರು? ಅದರಲ್ಲಿ ಚಹಾ ಕಾಯಿತೋ, ಕಾಫಿಯೋ? ಅದಕ್ಕೆ ಅಡುಗೆಮನೆಯ ಹೊಸ್ತಿಲು ದಾಟುವ ಅನುಮತಿಯಿತ್ತೋ, ನಡುಮನೆಯ ಅತಿಥಿಗಳಿಗೆ ಮಾತ್ರ ಮೀಸಲೋ? ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಟೋಕ್‌ನ ಜೋಸಯ್ಯ ಸ್ಪೋಡ್ ಹದಗೊಳಿಸಿದ ‘ಬೋನ್ ಚೈನಾ’ದಲ್ಲಿ ಸುಮಾರು ಅರ್ಧಭಾಗ ದನದ ಮೂಳೆಯ ಬೂದಿ. ಅಹಿಂಸೆಯನ್ನು ವ್ರತವಾಗಿ ಪಾಲಿಸಿದ ಮನೆಯೊಂದರಲ್ಲಿ ಅಂತಹ ಪಾತ್ರೆಯಿದ್ದರೆ, ಅದು ತಿಳಿದು ಇಟ್ಟದ್ದೋ, ತಿಳಿಯದೆಯೋ? ಇದಕ್ಕೆ ಉತ್ತರ ತಳದ ಅಚ್ಚಿನಲ್ಲಿಲ್ಲ. ಆ ಮನೆಯ ಅಜ್ಜಿಯ ನೆನಪಿನಲ್ಲಿದೆ.

ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಪ್ರತಿಯೊಂದರ ನೆಲೆಯನ್ನು ಗುರುತಿಸಿದೆ. ನೆಲೆ ತಪ್ಪಿದ ಶಾಸನವನ್ನು ಓದಬಹುದು. ಅದು ಯಾವ ಕೆರೆಗೆ, ಯಾವ ಬಸದಿಗೆ, ಯಾವ ಗದ್ದೆಗೆ ಸಂಬಂಧಿಸಿದ್ದೆಂದು ಹೇಳುವುದು ಕಷ್ಟ. ಕಲ್ಲಿಗೆ ಸಲ್ಲುವ ಈ ವಿವೇಕ ಪಿಂಗಾಣಿಗೂ ಸಲ್ಲಬೇಕು.

ಸಂಗ್ರಹ ದೋಷವಲ್ಲ. ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ವಸ್ತುಗಳು ತಿಪ್ಪೆಯ ಪಾಲಾಗುತ್ತಿದ್ದವು. ಆದರೆ ವಸ್ತುವನ್ನು ಕೊಳ್ಳುವವರು ಅದರ ಊರು, ಮನೆ, ಬಳಕೆಗಳನ್ನು ಒಂದು ಪುಟದಲ್ಲಾದರೂ ಬರೆದಿಡಬೇಕು. ಕೊಬ್ಬರಿ ಸೀಮೆಯ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಹಾಡು, ಗಾದೆಗಳ ಜೊತೆಗೆ ಈ ಮಾತುಗಳನ್ನೂ ಕೇಳಿ ಬರೆದುಕೊಳ್ಳಲಿ. ಪಾತ್ರೆ ಇನ್ನೂ ನೂರು ವರ್ಷ ಉಳಿದೀತು. ಅದರ ಕಥೆ ಬಲ್ಲವರು ಉಳಿಯಲಾರರು.