ದ್ರಾಕ್ಷಿ ಬೀಜದ ಗುಳಿಗೆ: ಪ್ರಚಾರವೆಷ್ಟು, ಪ್ರಯೋಜನವೆಷ್ಟು?

ದ್ರಾಕ್ಷಿ ಬೀಜದ ಸತ್ವ ರಕ್ತದೊತ್ತಡ ಇಳಿಸುತ್ತದೆ, ಹೃದಯ ಕಾಯುತ್ತದೆ, ಕಾಲಿನ ಬಾವು ತೆಗೆಯುತ್ತದೆ ಎಂಬ ಪ್ರಚಾರ ಈಗ ಮೊಬೈಲಿನ ಮೂಲಕ ಹಳ್ಳಿಯ ಕಟ್ಟೆಗೂ ಬಂದು ಮುಟ್ಟಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ರೈತರು ಇದಕ್ಕೆ ಹಣ ತೆರುವ ಮುನ್ನ ಇದರಲ್ಲಿ ನಿಜವೆಷ್ಟು ಎಂದು ತಿಳಿಯುವುದು ಒಳ್ಳೆಯದು. ಹೋಗುವುದು ಹಣವೊಂದೇ ಅಲ್ಲ. ಇಂಥ ಗುಳಿಗೆ ನಂಬಿ ವೈದ್ಯರು ಕೊಟ್ಟ ಔಷಧಿ ಬಿಟ್ಟರೆ ಜೀವಕ್ಕೇ ಸಂಚಕಾರ.

ದ್ರಾಕ್ಷಾರಸ ಇಲ್ಲವೆ ವೈನ್ ತಯಾರಿಸಲು ಹಣ್ಣು ಹಿಂಡಿದ ಮೇಲೆ ಸಿಪ್ಪೆ, ಬೀಜ ಕೂಡಿದ ಹಿಪ್ಪೆ ಉಳಿಯುತ್ತದೆ. ಅದರಿಂದ ಬೀಜ ಬೇರ್ಪಡಿಸಿ, ಒಣಗಿಸಿ, ಪುಡಿ ಮಾಡಿ, ಅದರ ಒಗರು ಅಂಶವನ್ನು ತೆಗೆಯುತ್ತಾರೆ. ಪ್ರೊಆಂಥೊಸಯನಿಡಿನ್ ಎಂದು ಅದರ ಹೆಸರು. ನಮ್ಮ ಪಕ್ಕದ ಬಾಗಲಕೋಟೆ, ಅದರಾಚೆಯ ವಿಜಯಪುರ ಜಿಲ್ಲೆಗಳಲ್ಲಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ತಳಿಯಲ್ಲಿ ಬೀಜವೇ ಇಲ್ಲ. ಆದ್ದರಿಂದ ಆ ಹಣ್ಣನ್ನೋ ಒಣದ್ರಾಕ್ಷಿಯನ್ನೋ ತಿಂದರೆ ಬೀಜದ ಗುಣ ದೊರೆಯುತ್ತದೆ ಎನ್ನುವಂತಿಲ್ಲ. ಬೀಜವಿರುವುದು ಬೆಂಗಳೂರು ನೀಲಿಯಂಥ ತಳಿಗಳಲ್ಲಿ.

ಇನ್ನೊಂದು ಸಂಗತಿ ನಮ್ಮ ಶೇಂಗಾ ಬೆಳೆಗಾರರಿಗೆ ಸೋಜಿಗವೆನಿಸೀತು. ಫ್ರಾನ್ಸಿನ ಬೋರ್ಡೋ ನಗರದ ವಿಜ್ಞಾನಿ ಜಾಕ್ ಮಾಸ್ಕೆಲಿಯೆ 1948ರ ಸುಮಾರಿಗೆ ಈ ಜಾತಿಯ ಅಂಶವನ್ನು ಮೊದಲು ಬೇರ್ಪಡಿಸಿದ್ದು ದ್ರಾಕ್ಷಿಯಿಂದಲ್ಲ, ಶೇಂಗಾ ಕಾಳಿನ ಕೆಂಪು ಸಿಪ್ಪೆಯಿಂದ! ದ್ರಾಕ್ಷಿ ಬೀಜದ ಸರದಿ ಬಂದದ್ದು ಆಮೇಲೆ. ನಾವು ಹುರಿದು, ತಿಕ್ಕಿ, ಮರದಲ್ಲಿ ಕೇರಿ ತೂರಿಬಿಡುವ ಸಿಪ್ಪೆ ಅದು. ಹಾಗೆಂದು ಶೇಂಗಾ ಸಿಪ್ಪೆಯೇ ಮದ್ದು ಎಂದು ಹೊರಡುವುದೂ ತಪ್ಪು.

ಗುಳಿಗೆಯಲ್ಲಿ ಏನೂ ಇಲ್ಲವೇ? ಹಾಗೂ ಹೇಳಲಾಗದು. ಜನರ ಮೇಲೆ ನಡೆದ ಹಲವು ಪರೀಕ್ಷೆಗಳಲ್ಲಿ ರಕ್ತದೊತ್ತಡ ಸ್ವಲ್ಪ ಇಳಿದದ್ದು ಕಂಡಿದೆ. ಆದರೆ ಆ ಇಳಿತ ಚಿಕ್ಕದು. ಕಾಲಿನ ರಕ್ತನಾಳಗಳ ತೊಂದರೆಗೆ ಉಪಯೋಗವಾದೀತೆಂಬುದಕ್ಕೆ ಗಟ್ಟಿ ಆಧಾರ ಸಾಲದು. ರಕ್ತದೊತ್ತಡದ ಮಾತ್ರೆಯ ಬದಲಿಗೆ ಇದು ನಿಲ್ಲಲಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಆಸ್ಪಿರಿನ್ ತೆಗೆದುಕೊಳ್ಳುವವರಿಗೆ, ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಇದರಿಂದ ರಕ್ತಸ್ರಾವದ ಅಪಾಯವೂ ಇದೆ. ಅಂಥವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ನಮ್ಮ ದೇಶದಲ್ಲಿ ಇಂಥ ಗುಳಿಗೆಗಳು ಆಹಾರ ಪೂರಕಗಳ ಹೆಸರಿನಲ್ಲಿ ಮಾರಾಟವಾಗುತ್ತವೆ. ಇವು ಔಷಧಿಯಾಗಿ ಬಳಸಲು ಅಲ್ಲವೆಂದು ಡಬ್ಬಿಯ ಮೇಲೆ ಎದ್ದು ಕಾಣುವಂತೆ ಮುದ್ರಿಸಬೇಕೆಂದು 2016ರ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಡಬ್ಬಿ ತನಗೆ ತಾನೇ ಔಷಧಿಯಲ್ಲ ಎನ್ನುತ್ತಿರುವಾಗ ಮಾರುವವನ ಬಾಯಿಮಾತು ನಂಬುವುದೇಕೆ? ಇಂಗ್ಲಿಷ್ ಅಕ್ಷರ ಓದಲು ಬಾರದವರು ಶಾಲೆಯ ಮಕ್ಕಳಿಂದ ಓದಿಸಿ ಕೇಳಲಿ.

ರಕ್ತದೊತ್ತಡಕ್ಕೆ ಮದ್ದಿಲ್ಲದೆ ನಾವು ಕುಳಿತಿಲ್ಲ. ಸರಕಾರಿ ದವಾಖಾನೆಯಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ಕೊರತೆಯಿರುವುದು ಹೋಗಿ ಬರುವ ವೇಳೆಯದು. ಕಾಲುವೆ ನೀರು ಬಿಟ್ಟು ಭತ್ತದ ನಾಟಿ ನಡೆದಾಗ ಸಿಂಧನೂರಿನ ರೈತನಿಗೆ, ತೊಗರಿ ಕಟಾವಿನಲ್ಲಿ ಲಿಂಗಸುಗೂರು, ಮಸ್ಕಿಯ ರೈತನಿಗೆ ದವಾಖಾನೆಯ ಸಾಲಿನಲ್ಲಿ ನಿಲ್ಲಲು ಪುರುಸೊತ್ತೆಲ್ಲಿ? ಹಾಗೆಂದು ರಕ್ತದೊತ್ತಡ ಕಾಯುವುದಿಲ್ಲ. ನೋವೂ ಕೊಡದೆ ಒಳಗೊಳಗೇ ಏರಿ, ಒಂದು ದಿನ ಲಕ್ವ ಹೊಡೆಸುತ್ತದೆ. ಆದ್ದರಿಂದ ಆರೋಗ್ಯ ಇಲಾಖೆಯವರು ತಿಂಗಳಿಗೊಮ್ಮೆ ಗ್ರಾಮದ ವಾಚನಾಲಯದಲ್ಲಿಯೇ ರಕ್ತದೊತ್ತಡ ಅಳೆದು, ಮಾತ್ರೆ ಹಂಚುವ ಏರ್ಪಾಡು ಮಾಡಬೇಕು. ಪಂಚಾಯಿತಿ ಸದಸ್ಯರು ಇದನ್ನು ಗ್ರಾಮಸಭೆಯಲ್ಲಿ ಒತ್ತಾಯಿಸಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ರೈತರು ಮನೆಯಲ್ಲಿ ಮಾಡಬಹುದಾದದ್ದೂ ಇದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಉಪ್ಪಿನಕಾಯಿ, ಹಪ್ಪಳ, ಹಿಂಡಿಗಳಲ್ಲಿ ಸೇರುವ ಉಪ್ಪೂ ಈ ಲೆಕ್ಕಕ್ಕೇ ಸೇರಿದ್ದು. ಬೀಡಿ, ತಂಬಾಕು, ಸೆರೆ ಬಿಡಬೇಕು. ಜೋಳದ ರೊಟ್ಟಿ, ಕಾಳು, ಸೊಪ್ಪಿನ ಪಲ್ಯೆ ಊಟದಲ್ಲಿರಲಿ. ಶೇಂಗಾವನ್ನು ಸಿಪ್ಪೆಯೊಡನೆ ತಿಂದರೆ ಕೆಡುಕಿಲ್ಲ. ಬೂಷ್ಟು ಹಿಡಿದ ಕಾಳು ಮಾತ್ರ ಬೇಡ.

ದ್ರಾಕ್ಷಿ ಬೀಜದ ಗುಣವನ್ನು ವಿಜ್ಞಾನಿಗಳು ಇನ್ನೂ ಪರೀಕ್ಷಿಸಲಿ. ಅಲ್ಲಿಯವರೆಗೆ ರೈತನ ದುಡ್ಡು ಅವನ ಕಿಸೆಯಲ್ಲಿರಲಿ, ವೈದ್ಯರ ಮಾತ್ರೆ ತಪ್ಪದೆ ಹೊಟ್ಟೆಗೆ ಹೋಗಲಿ.